ಕೀಬೋರ್ಡು ಆಮೇಲೆ ಕೊಂಡರಾಯಿತು

ಪತ್ರ: “ಮಾನ್ಯ ಸಂಪಾದಕರೇ, ನನಗೆ 24 ವರ್ಷ, ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ. ಸಿನಿಮಾ, ಧಾರಾವಾಹಿ, ಜಾಹೀರಾತುಗಳಿಗೆ ಸಂಗೀತ ಮಾಡುವುದನ್ನೇ ವೃತ್ತಿಯಾಗಿಸಿಕೊಳ್ಳಬೇಕೆಂದಿದ್ದೇನೆ. ಕೆಲಸ ಬಿಟ್ಟು, ಸಾಲ ಮಾಡಿ, ಮನೆಯಲ್ಲೇ ಸ್ಟುಡಿಯೋ ಕಟ್ಟಿಕೊಳ್ಳಲೇ? ಯಾರ ಕೈಕೆಳಗೂ ದುಡಿಯದೆ ಹೆಸರು ಮಾಡಲು ಈಗ ಸಾಧ್ಯವಲ್ಲವೇ? ಕಾಫಿಪುಡಿಯ ಜಾಹೀರಾತಿಗೆಂದು ಕಲ್ಪಿಸಿಕೊಂಡು ಮಾಡಿದ 30 ಸೆಕೆಂಡಿನ ತುಣುಕೊಂದನ್ನು ಕಳಿಸಿದ್ದೇನೆ.” – ಹಾಸನದ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಯಾರ ಕೈಕೆಳಗೂ ದುಡಿಯದೆ’ ಎಂಬ ಮೂರು ಪದಗಳು. ನಿಮ್ಮ ವಾದಕ್ಕೆ ಸಲ್ಲಬೇಕಾದದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಒಂದು ಕಾಲಕ್ಕೆ ಇಡೀ ಕೋಣೆ ತುಂಬುತ್ತಿದ್ದ ಯಂತ್ರಗಳು ಇಂದು ಲ್ಯಾಪ್‌ಟಾಪಿನೊಳಗೆ ಹಿಡಿಸುತ್ತವೆ ಎಂಬುದೂ, ಎ.ಆರ್. ರೆಹಮಾನ್ ಮನೆಯ ಹಿತ್ತಲಿನಲ್ಲೇ ಸ್ಟುಡಿಯೋ ಕಟ್ಟಿಕೊಂಡರೆಂಬುದೂ ನಿಜ. ಆದರೆ ಆ ಹಿತ್ತಲಿನ ಬಾಗಿಲು ತೆರೆಯುವ ಮೊದಲು ರೆಹಮಾನ್ ಹುಡುಗನಾಗಿದ್ದಾಗಿನಿಂದಲೂ ಬೇರೆ ಸಂಗೀತ ನಿರ್ದೇಶಕರಿಗೆ ಕೀಬೋರ್ಡು ನುಡಿಸಿದ್ದರು, ಆಮೇಲೆ ಜಾಹೀರಾತುಗಳಿಗೆ ರಾಗ ಕೂಡಿಸಿದ್ದರು. ಈ ಕಥೆಯನ್ನು ಹೇಳುವಾಗ ಸ್ಟುಡಿಯೋದಿಂದಲೇ ಆರಂಭಿಸುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ.

ಇಳಯರಾಜ ಅವರು 1976ರಲ್ಲಿ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮುನ್ನ ನಮ್ಮ ಕನ್ನಡ ಚಿತ್ರಗಳ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದರು. ರಾಜ್‌ಕುಮಾರ್ ಚಿತ್ರಗಳ ಹಾಡುಗಳನ್ನು ಗುನುಗುತ್ತ ಬೆಳೆದ ನಮಗೆ ಇದು ಹೆಮ್ಮೆಯ ವಿಷಯವಾಗಬೇಕಿತ್ತು; ಎಷ್ಟು ಜನಕ್ಕೆ ಗೊತ್ತಿದೆ? ಬಿ.ವಿ. ಕಾರಂತರು ಬಾಲ್ಯದಲ್ಲೇ ಗುಬ್ಬಿ ನಾಟಕ ಕಂಪನಿ ಸೇರಿ, ಪರದೆಯ ಹಿಂದೆಯೂ ಮುಂದೆಯೂ ಬೆಳೆದವರು. ಮುಂದೆ ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ಅವರಿಗೆ ಸತತ ಎರಡು ವರ್ಷ ರಾಷ್ಟ್ರಪ್ರಶಸ್ತಿ ಬಂದಾಗ, ಆ ಕಿವಿ ತಯಾರಾದದ್ದು ನಾಟಕದ ತಾಲೀಮಿನಲ್ಲಿ ಎಂಬುದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಇನ್ನು ಕೆಲಸ ಬಿಡುವ ಮಾತು. ಶರೀಫರ ತತ್ವಪದಗಳನ್ನು ಮನೆಮನೆಗೆ ಮುಟ್ಟಿಸಿದ ಸಿ. ಅಶ್ವತ್ಥ್ ಎರಡು ದಶಕಕ್ಕೂ ಹೆಚ್ಚು ಕಾಲ ಐಟಿಐ ದೂರವಾಣಿ ಕಾರ್ಖಾನೆಯ ನೌಕರರಾಗಿದ್ದರು. ನೀವು ರಾಜೀನಾಮೆ ಬರೆಯುವುದನ್ನು ಸದ್ಯಕ್ಕೆ ಮುಂದೂಡಬಹುದು.

ಕೈಕೆಳಗೆ ದುಡಿದರೆ ಸಿಗುವುದೇನು ಎಂದು ನೀವು ಕೇಳಬಹುದು. ಕಾಲೇಜಿನ ದಿನಗಳಲ್ಲಿ ನಾನು ನಮ್ಮೂರಿನ ಹವ್ಯಾಸಿ ನಾಟಕ ತಂಡವೊಂದಕ್ಕೆ ಹಾರ್ಮೋನಿಯಂ ನುಡಿಸುತ್ತಿದ್ದೆ. ಅಣೆಕಟ್ಟೆಯ ಹಿನ್ನೀರಿಗೆ ಮುಳುಗಲಿರುವ ಮನೆಗೆ ಮುದುಕನೊಬ್ಬ ಬೀಗ ಹಾಕುವ ದೃಶ್ಯವೊಂದಿತ್ತು. ನಾನು ಶಿವರಂಜನಿ ರಾಗವನ್ನು ಎರಡೂ ಕೈಯಲ್ಲಿ ಸುರಿಯತೊಡಗಿದ್ದೆ. ನನಗೆ ಹಾರ್ಮೋನಿಯಂ ಹೇಳಿಕೊಡುತ್ತಿದ್ದ ಪೆಟ್ಟಿಗೆ ಮಾಸ್ತರು ಎದ್ದು ಬಂದು ಅಂಗೈಯಿಂದ ಅದರ ತಿದಿಯನ್ನು ಒತ್ತಿ ಹಿಡಿದರು: “ತಡಿಯೋ, ಬೀಗದ ಸದ್ದು ಕೇಳಿಸಲಿ.” ಬೀಗ ಕಟಕ್ಕೆಂದಿತು. ಮುದುಕ ಅದನ್ನೊಮ್ಮೆ ಜಗ್ಗಿ ನೋಡಿದ. ಆಮೇಲೆ ಅವರು ಮಂದ್ರದ ಒಂದೇ ಒಂದು ಸ್ವರ ಹಿಡಿದರು, ಅಷ್ಟೇ. ನಾನು ಸಂಗೀತಗಾರನಾಗಲಿಲ್ಲ, ಅದು ಬೇರೆ ಮಾತು. ಆದರೆ ದೃಶ್ಯಕ್ಕೆ ಸಂಗೀತ ಬೇಕೋ ಬೇಡವೋ ಎಂಬ ಪ್ರಶ್ನೆ ಸಂಗೀತ ಯಾವುದು ಎಂಬ ಪ್ರಶ್ನೆಗಿಂತ ಮೊದಲು ಬರುತ್ತದೆಂದು ನನಗೆ ತಿಳಿದದ್ದು ಆ ಸಂಜೆ. ನಮ್ಮ ಇಂದಿನ ಧಾರಾವಾಹಿಗಳಲ್ಲಿ ಅತ್ತೆ ಕಣ್ಣು ತಿರುಗಿಸಿದರೆ ಮೂರು ಗುಡುಗು, ಸೊಸೆ ತಲೆ ಎತ್ತಿದರೆ ಇನ್ನೂ ಮೂರು. ತಿದಿಗೆ ಕೈಯಿಡುವ ಮಾಸ್ತರು ಅಲ್ಲಿಲ್ಲ.

ಕೈಕೆಳಗಿನ ವಿದ್ಯೆಯಲ್ಲಿ ಲೆಕ್ಕವೂ ಸೇರಿದೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮುಗಳಲ್ಲಿ. ನಿಮಿಷಕ್ಕೆ 96 ಪೆಟ್ಟುಗಳ ಲಯ ಹಿಡಿದರೆ ಪ್ರತಿ ಪೆಟ್ಟೂ ಸರಿಯಾಗಿ 15 ಫ್ರೇಮಿಗೊಮ್ಮೆ ಬೀಳುತ್ತದೆ, ಬೀಗದ ಸದ್ದನ್ನು ಅದಕ್ಕೆ ಹೊಂದಿಸಬಹುದು. ನಮ್ಮ ಟಿ.ವಿ.ಯ 25 ಫ್ರೇಮುಗಳಿಗೆ ಬಂದರೆ ಅದೇ ಲಯ ಜಾರುತ್ತದೆ. 100 ಪೆಟ್ಟುಗಳಿಗೆ ಏರಿಸಿದರೆ ಮತ್ತೆ 15ಕ್ಕೆ ಕೂರುತ್ತದೆ. ಇಂದು ಕಂಪ್ಯೂಟರು ಇದನ್ನು ತಾನೇ ಮಾಡಿಕೊಡುತ್ತದೆಂದು ನೀವು ಹೇಳುವಿರಿ. ಮಾಡಿಕೊಡುತ್ತದೆ. ನಿರ್ದೇಶಕರು ಕೊನೆಯ ಗಳಿಗೆಯಲ್ಲಿ ದೃಶ್ಯದಿಂದ ಎರಡು ಸೆಕೆಂಡು ಕತ್ತರಿಸಿದಾಗ ತಾಳದ ಯಾವ ಸುತ್ತನ್ನು, ಅಂದರೆ ಆವರ್ತವನ್ನು, ಬಿಡಬೇಕು ಎಂಬುದನ್ನು ಮಾತ್ರ ನೀವು ಹಿನ್ನೆಲೆ ಸಂಗೀತ ಕೂಡಿಸುವ ರೀ-ರೆಕಾರ್ಡಿಂಗಿನ ಕೋಣೆಯಲ್ಲಿ ಯಾರದೋ ಬೆನ್ನ ಹಿಂದೆ ನಿಂತೇ ಕಲಿಯಬೇಕು.

ಹೆಸರಿನ ಬಗ್ಗೆಯೂ ಕೇಳಿದ್ದೀರಿ, ಇಲ್ಲಿ ನನಗೆ ಸಿಟ್ಟು ಬರುತ್ತದೆ, ನಿಮ್ಮ ಮೇಲಲ್ಲ. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ‘ತಾನ ತನ’ ಧಾಟಿ ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಅದನ್ನು ಕಟ್ಟಿದ ಎಲ್. ವೈದ್ಯನಾಥನ್ ಹೆಸರು ಬಲ್ಲವರು ಇನ್ನೂ ಕಡಿಮೆ. ‘ಸವಿನೆನಪುಗಳು ಬೇಕು’ ಹಾಡಿನ ರಾಗಸಂಯೋಜನೆಯೂ ಅವರದೇ ಎಂದರೆ ಹುಬ್ಬೇರಿಸುತ್ತಾರೆ. ಆಕಾಶವಾಣಿಯ ಮುಂಜಾನೆಯ ಆ ಸಂಕೇತಧ್ವನಿ ಹಿಟ್ಲರನ ಕಾಲದ ಯುರೋಪನ್ನು ಬಿಟ್ಟು ಮುಂಬಯಿಗೆ ಬಂದ ವಾಲ್ಟರ್ ಕೌಫ್‌ಮನ್ ಅವರದೆಂಬುದು ಯಾವ ಪಠ್ಯಪುಸ್ತಕದಲ್ಲಿದೆ? ಎಫ್‌.ಎಂ. ನಿರೂಪಕರು ಹಾಡನ್ನು ನಾಯಕನಟನ ಹೆಸರಿನಲ್ಲಿ ಪ್ರಕಟಿಸುತ್ತಾರೆ, ನಟನೇ ಕೂತು ರಾಗ ಕೂಡಿಸಿದನೇನೋ ಎಂಬಂತೆ. ಆದ್ದರಿಂದ ಕಾನೂನನ್ನಾದರೂ ಓದಿಕೊಳ್ಳಿ. ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಚಿತ್ರಮಂದಿರದ ಪ್ರದರ್ಶನದ ಆಚೆ ಹಾಡು ಬಳಕೆಯಾದಾಗ ಬರುವ ರಾಯಧನದಲ್ಲಿ ಸಂಗೀತ ಮತ್ತು ಸಾಹಿತ್ಯ ಕೊಟ್ಟವರಿಗಿರುವ ಸಮಪಾಲಿನ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಡುವಂತೆಯೇ ಇಲ್ಲ. ಬರೆದುಕೊಟ್ಟರೂ ಆ ಕರಾರು ಊರ್ಜಿತವಾಗುವುದಿಲ್ಲ. ಸ್ಟುಡಿಯೋ ಸಾಲದ ಅರ್ಜಿಗಿಂತ, ಈ ರಾಯಧನವನ್ನು ವಸೂಲಿ ಮಾಡಿ ಹಂಚುವ ಸಂಘವಾದ ಐಪಿಆರ್‌ಎಸ್ ಸದಸ್ಯತ್ವದ ಅರ್ಜಿ ಅಗ್ಗ.

ಪರರನ್ನು ದೂರುತ್ತಿರುವ ನಾನೂ ಸಾಚಾ ಅಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ವಿಶೇಷಾಂಕದ ರೇಡಿಯೋ ಜಾಹೀರಾತಿಗೆ ಹುಡುಗನೊಬ್ಬ ರಾಗ ಕೂಡಿಸಿದ್ದ. ನಾಲ್ಕು ಸಲ ಬದಲಾಯಿಸಿದೆವು, ಒಮ್ಮೆಯಂತೂ ‘ತಬಲ ಸ್ವಲ್ಪ ಜಾಸ್ತಿ ಇರಲಿ’ ಎಂಬ ಘನವಾದ ಸಲಹೆಯನ್ನು ನಾನೇ ಕೊಟ್ಟೆ. ಹಣ ಐದು ತಿಂಗಳ ಮೇಲೆ ಹೋಯಿತು. ಈ ಉತ್ತರ ಬರೆಯುವಾಗ ಅವನ ಹೆಸರು ನೆನಪಾಗದೆ ಹಳೆಯ ವೋಚರುಗಳನ್ನು ತಡಕಬೇಕಾಯಿತು.

ನಿಮ್ಮ ತುಣುಕನ್ನು ಮೂರು ಬಾರಿ ಕೇಳಿದೆ. 96ರ ಲಯದಲ್ಲಿ 30 ಸೆಕೆಂಡಿಗೆ 48 ಪೆಟ್ಟುಗಳು, ಅಂದರೆ ಎಂಟು ಪೆಟ್ಟಿನ ಆದಿತಾಳದ ಆರು ಆವರ್ತಗಳು ನಿಮ್ಮ ಆಸ್ತಿ. ಅದರಲ್ಲಿ ನಾಲ್ಕನ್ನು ಪೀಠಿಕೆಗೇ ಖರ್ಚು ಮಾಡಿದ್ದೀರಿ. ಕಾಫಿಪುಡಿಯ ಹೆಸರು ಕೇಳಿಸುವಷ್ಟರಲ್ಲಿ 20 ಸೆಕೆಂಡು ಕಳೆದಿರುತ್ತದೆ, ಕೇಳುಗ ಸ್ಟೇಷನ್ ಬದಲಿಸಿರುತ್ತಾನೆ. ಪಿಟೀಲುಗಳ ಗುಂಪನ್ನು ತೆಗೆದುಹಾಕಿ. ಆರಂಭದಲ್ಲಿ ಫಿಲ್ಟರಿನ ಮುಚ್ಚಳ ತೆಗೆಯುವ ಸದ್ದಿದೆಯಲ್ಲ, ನಿಮ್ಮ ಅಡುಗೆಮನೆಯಲ್ಲೇ ಹಿಡಿದದ್ದಿರಬೇಕು, ಅದನ್ನು ಮಾತ್ರ ಮುಟ್ಟಬೇಡಿ.