ಸ್ಪ್ಯಾನಿಷ್ ಬಣ್ಣಗಳ ಹೆಸರು ಕಲಿಯಲು ಆ್ಯಪ್ ಒಳ್ಳೆಯದಾ, ಫ್ಲ್ಯಾಶ್‌ಕಾರ್ಡಾ? ಎರಡು ಬಣ್ಣ ಸೇರಿಸಿ ಹೇಳುವುದು ಹೇಗೆ?

ಎರಡೂ ಬೇಡ. ಪಟ್ಟಿ ಬಾಯಿಪಾಠ ಮಾಡಿಕೊಂಡು ಸ್ಪ್ಯಾನಿಷ್ ಬರುತ್ತದೆ ಅಂತ ಓಡಾಡಿದವನು ನಾನೇ. ನೀವು ಕೊನೆಗೆ ಕೇಳಿದ್ದೀರಲ್ಲ, ಅದೇ ಅಸಲಿ ಪ್ರಶ್ನೆ. ನಾನು ಕೈ ಸುಟ್ಟುಕೊಂಡದ್ದೂ ಅಲ್ಲೇ.

ಬೆಂಗಳೂರಿನ ಒಂದು ಗಾರ್ಮೆಂಟ್ ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಮರ್ಚಂಡೈಸರ್ ಆಗಿದ್ದೆ, ಅಂದರೆ ಬಯರ್ ಆರ್ಡರನ್ನು ಫ್ಯಾಕ್ಟರಿಗೆ ದಾಟಿಸಿ ಮಾಡಿಸುವವನು. ಸ್ಪೇನಿನ ಬಯರ್ ಒಬ್ಬರಿದ್ದರು. ಸಂಜೆ ಕ್ಲಾಸಿನಲ್ಲಿ ಒಂದಿಷ್ಟು ಕಲಿತಿದ್ದೆನಲ್ಲ, ಅವರ ಮೇಲ್‌ಗಳೆಲ್ಲ ನನ್ನ ತಲೆಗೇ ಬಂದವು. ಒಮ್ಮೆ ಟೀ ಶರ್ಟ್ ಆರ್ಡರ್ ಬಂತು: ‘ಕಮಿಸೇತಾಸ್ ರೊಹಾಸ್ ಇ ಬ್ಲಾಂಕಾಸ್’. ರೊಹೊ ಕೆಂಪು, ಬ್ಲಾಂಕೊ ಬಿಳಿ, ಇ ಅಂದರೆ ‘ಮತ್ತು’. ಹಿಂದಿನ ಆರ್ಡರ್ ಪಟ್ಟೆಯದ್ದಾಗಿತ್ತು. ಯೋಚನೆಯೇ ಮಾಡದೆ ಶೀಟ್‌ನಲ್ಲಿ ‘ಕೆಂಪು-ಬಿಳಿ ಪಟ್ಟೆ’ ಎಂದು ಬರೆದು ಕಳಿಸಿದೆ.

ಅವರಿಗೆ ಬೇಕಿದ್ದದ್ದು ಒಂದಷ್ಟು ಪೂರ್ತಿ ಕೆಂಪು, ಒಂದಷ್ಟು ಪೂರ್ತಿ ಬಿಳಿ.

ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರಾಗಬೇಡಿ. ಆ ಸಾಲಿಗೆ ಎರಡೂ ಅರ್ಥ ಬರುತ್ತದೆ. ನಮ್ಮ ‘ಕೆಂಪು ಮತ್ತು ಬಿಳಿ ಅಂಗಿಗಳು’ ಇದೆಯಲ್ಲ, ಹಾಗೇ. ಆದರೆ ಒಂದೊಂದು ಅಂಗಿಯಲ್ಲೂ ಎರಡೂ ಬಣ್ಣ ಇದ್ದರೆ ಅವರ ಹತ್ತಿರ ಒಂದೇ ಪದ ಸಿದ್ಧವಾಗಿದೆ: ‘ರೊಹಿಬ್ಲಾಂಕಾಸ್’. ಪಟ್ಟೆಯೇ ಬೇಕಿದ್ದರೆ ‘ಅ ರಾಯಾಸ್’ ಅನ್ನುತ್ತಾರೆ. ಮೇಲ್‌ನಲ್ಲಿ ಅದೂ ಇರಲಿಲ್ಲ, ಇದೂ ಇರಲಿಲ್ಲ. ಅಷ್ಟು ಸಾಕಿತ್ತು, ಒಂದು ಸಾಲು ಬರೆದು ಕೇಳಬೇಕಿತ್ತು. ಕೇಳಿದರೆ ಭಾಷೆ ಬರಲ್ಲ ಅಂದುಕೊಂಡಾರು ಅನ್ನೋ ಹುಂಬತನ ನನಗೆ. ಅದರ ಮೇಲೆ ಶಿಪ್‌ಮೆಂಟ್ ಅವಸರ. ಸ್ಯಾಂಪಲ್ ಒಪ್ಪಿಗೆ ಬರುವ ಮೊದಲೇ ಬಟ್ಟೆ ನಿಟ್ಟಿಂಗ್ ಮಾಡಿಸಿಬಿಟ್ಟೆವು. ಬಣ್ಣ ಹಾಕಿದ ನೂಲು ನೂಲಾಗಿಯೇ ಇದ್ದಿದ್ದರೆ ಕೆಂಪು ಬೇರೆ, ಬಿಳಿ ಬೇರೆ ಹೆಣೆಸಬಹುದಿತ್ತು. ಪಟ್ಟೆಯಾಗಿ ಹೆಣೆದ ಮೇಲೆ ಏನು ಮಾಡ್ತೀರಿ? ಆ ಲಾಟ್ ಸಿಕ್ಕ ಬೆಲೆಗೆ ಹೋಯಿತು. ಆ ವರ್ಷದ ನನ್ನ ಇನ್‌ಕ್ರಿಮೆಂಟ್ ಕೂಡ.

ಈಗ ಜೋಡಿಸುವ ವಿಷಯ. ಮೊದಲ ಬಣ್ಣದ ಕೊನೆಗೆ ‘ಇ’ ಬರುತ್ತದೆ, ಎರಡನೆಯದು ಮಾತ್ರ ನಾಮಪದಕ್ಕೆ ತಕ್ಕಂತೆ ಬದಲಾಗುತ್ತದೆ. ತಂಡ ರೊಹಿಬ್ಲಾಂಕೊ, ಅಂಗಿ ರೊಹಿಬ್ಲಾಂಕಾ. ಇವು ಜಾಸ್ತಿ ಸಿಗುವುದು ಫುಟ್‌ಬಾಲ್‌ನಲ್ಲಿ. ಮ್ಯಾಡ್ರಿಡ್‌ನ ಅಟ್ಲೆಟಿಕೊದವರು ರೊಹಿಬ್ಲಾಂಕೊಸ್. ಸೆವಿಲ್‌ನ ಬೆಟಿಸ್‌ನವರು ಹಸಿರು-ಬಿಳಿ, ಅಂದರೆ ವೆರ್ದಿಬ್ಲಾಂಕೊಸ್. ಪೆರು ದೇಶದ ತಂಡದ್ದೂ ಕೆಂಪು-ಬಿಳಿಯೇ, ಆದರೆ ಅದು ತಿರುಗಿಸಿ ಬ್ಲಾಂಕಿರ್ರೊಹಾ! ಯಾವುದು ಮೊದಲು ಅನ್ನುವುದು ರೂಢಿ, ಅಲ್ಲಿ ನಿಮ್ಮ ಲೆಕ್ಕಾಚಾರ ನಡೆಯಲ್ಲ. 2022ರ ವಿಶ್ವಕಪ್ ನೋಡಿದವರಿಗೆ ಅರ್ಜೆಂಟೀನಾದ ಅಲ್ಬಿಸೆಲೆಸ್ತೆ ಗೊತ್ತಿರುತ್ತದೆ. ಅದರಲ್ಲಿ ‘ಅಲ್ಬಿ’ ಲ್ಯಾಟಿನ್ ಮೂಲದ ಬಿಳಿ, ‘ಸೆಲೆಸ್ತೆ’ ಆಕಾಶನೀಲಿ. ಬಾರ್ಸಿಲೋನಾದ ಅಸುಲ್‌ಗ್ರಾನಾದಲ್ಲಿ (ನೀಲಿ-ಕಡುಗೆಂಪು) ಆ ‘ಇ’ಯೇ ಇಲ್ಲ. ಇರಲಿ ಬಿಡಿ.

ತಿಳಿ, ಗಾಢ ಅಂತ ಸೇರಿಸಿದಾಗ ಇನ್ನೊಂದು ಆಟ. ‘ಕಮಿಸಾಸ್ ಅಸುಲೆಸ್’ ಅಂದರೆ ನೀಲಿ ಅಂಗಿಗಳು, ಬಹುವಚನ ಬಂತು. ಅದೇ ತಿಳಿನೀಲಿ ಆದರೆ ‘ಕಮಿಸಾಸ್ ಅಸುಲ್ ಕ್ಲಾರೊ’. ಅಂಗಿ ಎಷ್ಟೇ ಇರಲಿ, ಬಣ್ಣದ ಜೋಡಿ ಅಲುಗಲ್ಲ. ಗಾಢಕ್ಕೆ ‘ಒಸ್ಕೂರೊ’, ಅದೂ ಹಾಗೇ. ನಮಗೆ ಇದೇ ಸಲೀಸು, ಕನ್ನಡದಲ್ಲಿ ಬಣ್ಣ ಬದಲಾಗುವುದೇ ಇಲ್ಲ ಅಲ್ವಾ.

ಅದಕ್ಕೇ ಒಂಟಿ ಬಣ್ಣ ಕಲಿಯಬೇಡಿ ಅನ್ನುವುದು. ವಸ್ತುವಿನ ಜೊತೆಗೇ ಕಲಿಯಿರಿ. ಪಟ್ಟಿಯಲ್ಲಿ ಕೆಂಪು ಅಂದರೆ ರೊಹೊ, ಸರಿ. ಆದರೆ ಕೆಂಪು ವೈನ್‌ಗೆ ‘ವಿನೊ ತಿಂತೊ’ ಅನ್ನುತ್ತಾರೆ, ಆ ಪಟ್ಟಿ ಅಲ್ಲಿ ಕೈ ಕೊಡುತ್ತದೆ. ಆ್ಯಪ್‌ಗೆ ಸುಮ್ನೆ ದುಡ್ಡು ಕಟ್ಟುವ ಬದಲು ಸ್ಪೇನಿನ ಕ್ರೀಡಾ ಪತ್ರಿಕೆ ಮಾರ್ಕಾದ ವೆಬ್‌ಸೈಟಿನಲ್ಲಿ ಮ್ಯಾಚ್ ವರದಿ ಓದಿ, ಬಹುತೇಕ ಪುಕ್ಕಟೆ ಸಿಗುತ್ತದೆ.

ಕೆಲಸಕ್ಕಾಗಿ ಕಲಿಯುತ್ತಿದ್ದರೆ ಮಾತ್ರ ಬಣ್ಣದ ಹೆಸರನ್ನು ನಂಬಲೇಬೇಡಿ. ಪ್ಯಾಂಟೋನ್ ನಂಬರ್, ಅಂದರೆ ಒಂದೊಂದು ಛಾಯೆಗೂ ಇರುವ ಕೋಡ್, ಕೇಳಿ, ಜೊತೆಗೊಂದು ಫೋಟೋ ಕೇಳಿ. ಬಯರ್‌ಗೆ ಕಿರಿಕಿರಿಯಾದರೆ ಆಗಲಿ.