ಚೆನ್ನೈಗೆ ಹೋದ ಮೂರೇ ವಾರದಲ್ಲಿ ಮಾತು ನಿಲ್ಲಿಸಿದ ಯುವತಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಹಾವೇರಿ ಕಡೆಯ ಯುವತಿ, ವಯಸ್ಸು 22. ಬಿ.ಕಾಂ. ಮುಗಿದ ಕೂಡಲೇ ಚೆನ್ನೈನಲ್ಲಿ ಲೆಕ್ಕಪತ್ರ ವಿಭಾಗದ ಕೆಲಸ ಸಿಕ್ಕಿತು. ಶೋಲಿಂಗನಲ್ಲೂರಿನ ಪಿ.ಜಿ.ಯಲ್ಲಿ ವಾಸ. ಮೂರು ವಾರ ಕಳೆದ ಮೇಲೆ ಫೋನಿನಲ್ಲಿ ಸಲಹೆ ಕೇಳಿದಳು: "ತಮಿಳು ಬರಂಗಿಲ್ರೀ, ಈ ಊರು ನನಗ ಆಗಂಗಿಲ್ಲ."

ದಿನಚರಿ ಕೇಳಿದಾಗ ಭಾಷೆಗಿಂತ ದೊಡ್ಡ ತೊಡಕು ಕಂಡಿತು. ಬಾಯಿ ತೆರೆಯುವ ಸಂದರ್ಭಗಳನ್ನೇ ಒಂದೊಂದಾಗಿ ಕೈಬಿಟ್ಟಿದ್ದಳು. ಊಟ, ಆಟೊ ಎರಡೂ ಆ್ಯಪ್‌ನಲ್ಲಿ. ಬಚ್ಚಲಲ್ಲಿ ನೀರು ಬಾರದಿದ್ದರೂ ವಾರ್ಡನ್‌ಗೆ ಹೇಳಿರಲಿಲ್ಲ. ಆಫೀಸಿನ ಕೆಲಸ ಇಂಗ್ಲಿಷಿನಲ್ಲಿ ಸಾಗುತ್ತಿತ್ತು, ಮಧ್ಯಾಹ್ನದ ಹರಟೆ ಮಾತ್ರ ತಮಿಳಿನಲ್ಲಿ. ಹಾಗಾಗಿ ಡಬ್ಬಿ ತೆಗೆದುಕೊಂಡು ತನ್ನ ಟೇಬಲ್ಲಿಗೇ ಹೋಗುತ್ತಿದ್ದಳು. ಶುಕ್ರವಾರ ರಾತ್ರಿಯ ಬಸ್ಸು ಹಿಡಿದು ಊರಿಗೆ ಬಂದುಬಿಡುತ್ತಿದ್ದಳು. ಹೀಗೆ ತಪ್ಪಿಸಿಕೊಂಡಾಗ ಆ ಹೊತ್ತಿಗೆ ಎದೆಬಡಿತ ಇಳಿಯುತ್ತದೆ, ಮರುದಿನದ ಭಯ ಮಾತ್ರ ಹೆಚ್ಚುತ್ತದೆ. ಅವಳಿಗೆ ಮೊದಲು ವಿವರಿಸಿದ್ದು ಇದನ್ನೇ.

ಒಮ್ಮೆ ಪ್ರಯತ್ನಿಸಿಯೂ ಇದ್ದಳು, ಬೆಳಗಿನ ಒಂಬತ್ತರ ನೂಕುನುಗ್ಗಲಿನ ಬಸ್ಸಿನಲ್ಲಿ. ಕಂಡಕ್ಟರ್ ಎರಡನೇ ಸಲ ಕೇಳುವಷ್ಟರಲ್ಲಿ ಹಿಂದಿನವರು ಗೊಣಗಿದರು, ಇವಳ ಗಂಟಲು ಕಟ್ಟಿತು. ಅಭ್ಯಾಸಕ್ಕೆ ಇದಕ್ಕಿಂತ ಕೆಟ್ಟ ಜಾಗವಿಲ್ಲ. ಅಲ್ಲಿ ಮಾತು ವೇಗ, ತಪ್ಪಿದರೆ ತಿದ್ದಿಕೊಳ್ಳಲು ಸಮಯವಿಲ್ಲ.

ಆದ್ದರಿಂದ ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ ಎಂದು ಅಭ್ಯಾಸವನ್ನು ಮೆಟ್ಟಿಲುಗಳಾಗಿ ಜೋಡಿಸಿದೆವು. ಮೊದಲ ವಾರ ಒಂದೇ ಅಂಗಡಿ, ಒಂದೇ ಹೊತ್ತು. ಸಂಜೆ ಜನ ಕಡಿಮೆ ಇರುವಾಗ ಎಳನೀರಿನವರ ಬಳಿ ಹೋಗಿ "ಅಣ್ಣಾ, ಎವ್ವಳವು?" (ಎಷ್ಟು?) ಎಂದು ಕೇಳಿ, ಹಣ ಕೊಟ್ಟು ಬರುವುದು. ಹೋಗುವ ಮುನ್ನ ಭಯಕ್ಕೆ ಸೊನ್ನೆಯಿಂದ ಹತ್ತರೊಳಗೆ ಅಂಕ ಬರೆಯಬೇಕು, ಬಂದ ಮೇಲೆ ಮತ್ತೊಮ್ಮೆ. ಅಂಕ ಮೂರಕ್ಕೆ ಇಳಿಯುವವರೆಗೂ ಅದೇ ಮೆಟ್ಟಿಲು. ಬೇಗ ಮೇಲೇರುವ ಆಸೆಯಲ್ಲೇ ಬಹಳಷ್ಟು ಮಂದಿ ಕೆಡಿಸಿಕೊಳ್ಳುತ್ತಾರೆ. ಆಮೇಲೆ ಹೂವಿನ ಅಂಗಡಿ, ನಂತರ ವಾರ್ಡನ್. ಬಸ್ಸು ಕೊನೆಗೆ, ಅದೂ ಬೆಳಿಗ್ಗೆ ಹನ್ನೊಂದರ ಮೇಲೆ. ತಮಿಳುನಾಡಿನಲ್ಲಿ 2021ರಿಂದ ಸಾಧಾರಣ ದರದ ನಗರ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಇಳಿಯುವ ಸ್ಟಾಪಿನ ಹೆಸರು ಹೇಳಿದರೆ ಸಾಕು, ಚಿಲ್ಲರೆಯ ತಕರಾರು ಏಳುವುದಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ, ಆಕೆ ಕೊಂಡಿದ್ದ ಪುಸ್ತಕ ಗ್ರಂಥಸ್ಥ ತಮಿಳಿನದು. ಬೀದಿಯ ಮಾತು ಬೇರೆ. ರೂಮ್‌ಮೇಟ್ ಹತ್ತಿರ ದಿನಕ್ಕೆ ಬೇಕಾಗುವ ಹತ್ತು ವಾಕ್ಯಗಳನ್ನು ಸಹಜ ವೇಗದಲ್ಲೇ ರೆಕಾರ್ಡ್ ಮಾಡಿಸಿಕೊಂಡು ಕೇಳಲು ಹೇಳಿದೆವು. ಮೊದಲು ನೂರರವರೆಗಿನ ಅಂಕಿ, ಆಮೇಲೆ "ಮೆಲ್ಲ ಪೇಸುಂಗ" (ನಿಧಾನ ಮಾತಾಡಿ), "ಇಂಗ ನಿಲ್ಲುಂಗ" (ಇಲ್ಲಿ ನಿಲ್ಲಿ). ಕೊನೆಯ "ಉಂಗ" ಬಿಡಬಾರದು, ಅದು ನಮ್ಮ "ರೀ" ಇದ್ದ ಹಾಗೆ. ಸಿನಿಮಾ ನೋಡಿ ಕಲಿತವರು "ನೀ" ಎಂದು ಶುರುಮಾಡಿ ಬೈಸಿಕೊಳ್ಳುವುದುಂಟು. ಬೋರ್ಡು ಓದುವಾಗ ಒಂದು ಸಂಗತಿ ನೆನಪಿರಲಿ: ತಮಿಳು ಲಿಪಿಯಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ, ತ-ದ, ಪ-ಬಗಳಿಗೂ ಹಾಗೆಯೇ. ಕನ್ನಡ ಓದುವವರು ಮೊದಮೊದಲು ಎಡವುವುದು ಇಲ್ಲೇ.

ಪಿ.ಜಿ.ಯವರು ತಮಿಳಿನಲ್ಲಿ ಕೊಟ್ಟಿದ್ದ ಕಾಗದಕ್ಕೆ ಓದದೇ ಸಹಿ ಹಾಕಿದ್ದಳು. ಅದರ ಫೋಟೊ ತೆಗೆದು ಅನುವಾದದ ಆ್ಯಪ್‌ನಲ್ಲಿ ಓದಿಸಿ, ಅನುಮಾನವಿದ್ದ ಸಾಲನ್ನು ಸಹೋದ್ಯೋಗಿಗೆ ತೋರಿಸಲು ಹೇಳಿದೆವು. ನೋಡಬೇಕಾದದ್ದು ಮೂರು: ಅಡ್ವಾನ್ಸಿನಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ, ಖಾಲಿ ಮಾಡಲು ಎಷ್ಟು ದಿನ ಮುಂಚೆ ತಿಳಿಸಬೇಕು, ಕೊಟ್ಟ ಹಣಕ್ಕೆ ರಸೀದಿ ಇದೆಯೇ.

ಮನೆಯವರೊಂದಿಗೂ ಮಾತಾಡಬೇಕಾಯಿತು. ತಾಯಿ ದಿನಕ್ಕೆ ಐದಾರು ಸಲ ಫೋನ್ ಮಾಡುತ್ತಿದ್ದರು, ಪ್ರತಿ ಕರೆಯೂ "ಬಂದುಬಿಡವ್ವಾ" ಎಂದೇ ಮುಗಿಯುತ್ತಿತ್ತು. ಅದು ಮಮತೆಯ ಮಾತೇ, ಆದರೆ ಅಳು ತಡೆದುಕೊಂಡ ಮಗಳಿಗೆ ಅದೇ ಭಾರ. ರಾತ್ರಿ ಒಂಬತ್ತಕ್ಕೆ ಒಂದೇ ಕರೆ, ಮೊದಲು ಮಗಳು ಆ ದಿನ ಮಾಡಿದ ಒಂದು ಕೆಲಸ ಹೇಳಬೇಕು, ಮೂರು ತಿಂಗಳು ವಾಪಸಾತಿಯ ಮಾತು ಬೇಡ ಎಂದು ಒಪ್ಪಿಸಿದೆವು. ಮೂರು ತಿಂಗಳ ನಂತರ ಕೂತು ತೀರ್ಮಾನಿಸೋಣ. ಆಗ ಬೇಡವೆನಿಸಿದರೆ ಮರಳುವುದೂ ಸರಿಯಾದ ನಿರ್ಧಾರವೇ. ಎರಡು ವಾರಾಂತ್ಯ ಚೆನ್ನೈನಲ್ಲಿ, ಮೂರನೆಯದಕ್ಕೆ ಊರು. ಕನ್ನಡದ ಗೆಳತಿಯರ ಜೊತೆ ಭಾನುವಾರ ಕಳೆಯಲಿ, ಮಧ್ಯಾಹ್ನದ ಊಟ ತಂಡದವರ ಜೊತೆಗೇ ಆಗಲಿ.

ಒಂದು ಎಚ್ಚರಿಕೆಯನ್ನೂ ಕೊಟ್ಟೆವು. ಬೇಸರ, ನಿದ್ದೆಗೇಡು, ಹಸಿವಿಲ್ಲದಿರುವುದು ದಿನದ ಬಹುಪಾಲು ಇದ್ದು ಎರಡು ವಾರ ದಾಟಿದರೆ, ಅದು ಹೊಸ ಊರಿನ ಕಳವಳವಷ್ಟೇ ಎಂದು ಸುಮ್ಮನಿರಬಾರದು, ಮನೋವೈದ್ಯರನ್ನು ಕಾಣಬೇಕು. ಬದುಕೇ ಬೇಡ ಎನಿಸಿದರೆ ಒಂದು ದಿನವೂ ಕಾಯಬಾರದು. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲಿರುಳೂ ಇರುತ್ತದೆ, ಕನ್ನಡವೂ ಅದರಲ್ಲಿದೆ.

ಆರು ವಾರದ ಹೊತ್ತಿಗೆ ನೀರಿನ ವಿಷಯ ವಾರ್ಡನ್‌ಗೆ ತಾನೇ ಹೇಳಿ ಸರಿಮಾಡಿಸಿಕೊಂಡಿದ್ದಳು. ಬಸ್ಸಿನ ಅಂಕ ಎಂಟರಿಂದ ನಾಲ್ಕಕ್ಕೆ ಬಂದಿದೆ. ಉಳಿದಿರುವುದು ತಮಿಳಿನಲ್ಲಿ ಫೋನ್ ಎತ್ತುವುದು. ಎದುರಿಗಿದ್ದವರ ಮುಖ, ಕೈಸನ್ನೆ ಕಾಣದಿರುವುದರಿಂದ ಅದು ಕಷ್ಟವೇ. ಸದ್ಯಕ್ಕೆ ರೂಮ್‌ಮೇಟ್ ಪಕ್ಕದ ಕೋಣೆಯಿಂದ ದಿನಕ್ಕೊಮ್ಮೆ ಕರೆಮಾಡಿ ಎರಡು ನಿಮಿಷ ಮಾತಾಡಿಸುತ್ತಿದ್ದಾಳೆ.