ಕಂಪನಿ ಫ್ಲೋ ಗುಂಪಿನ 'ಫನ್‌ಕ್ರಷರ್ ಪ್ಲಸ್' ಕೇಳಿದ್ರೆ ತಲೆ ನೋಯುತ್ತೆ. ಇದನ್ನ ಯಾಕೆ ಅಷ್ಟು ಹೊಗಳ್ತಾರೆ?

ರನ್ ದ ಜ್ಯೂವೆಲ್ಸ್ ಅನ್ನೋ ರ್‍ಯಾಪ್ ಜೋಡಿ ಇಷ್ಟವಾಯ್ತು, ಅದರಲ್ಲಿರೋ ಎಲ್-ಪಿ ಮೊದಲು ಯಾವ ಗುಂಪಿನಲ್ಲಿದ್ದ ಅಂತ ಹುಡುಕುತ್ತಾ ಹೋಗಿ ಈ ಆಲ್ಬಮ್ ಸಿಕ್ಕಿತು ಅಂತ ಬರೆದಿದ್ದೀರಿ. ಎರಡು ಸಲ ಕೇಳಿದರೂ ಬರೀ ಗದ್ದಲ, ನನಗೆ ಅರ್ಥವಾಗ್ತಿಲ್ವಾ ಅಥವಾ ಜನ ಸುಮ್ನೆ ಹೊಗಳ್ತಾರಾ ಅಂತ ನಿಮ್ಮ ಪ್ರಶ್ನೆ. ಎರಡೂ ಸ್ವಲ್ಪ ಸ್ವಲ್ಪ ನಿಜ.

ಮೊದಲು ಒಂದು ಮಾತು. ಇದನ್ನು ಶುರುವಿಂದ ಕೊನೆವರೆಗೆ ಒಟ್ಟಿಗೆ ಕೇಳಬೇಡಿ. ಒಂದು ಗಂಟೆಗೂ ಜಾಸ್ತಿ ಇದೆ, ನನಗೂ ಇವತ್ತಿನವರೆಗೆ ಹಾಗೆ ಕೇಳೋಕೆ ಆಗಿಲ್ಲ. ಆಲ್ಬಮ್ ಬಂದಿದ್ದು 1997ರ ಜುಲೈನಲ್ಲಿ. ಆದರೆ ಇದರ ಹಲವು ಹಾಡುಗಳು ಅದಕ್ಕೂ ಮುಂಚೆಯೇ ವಿನೈಲ್ ತಟ್ಟೆಗಳಲ್ಲಿ ನ್ಯೂಯಾರ್ಕಿನ ಡಿಜೆಗಳ ಕೈ ಸೇರಿದ್ದವು. 'ಏಟ್ ಸ್ಟೆಪ್ಸ್ ಟು ಪರ್ಫೆಕ್ಷನ್', 'ವೈಟಲ್ ನರ್ವ್' ಅಂಥವೇ. ಅಂದರೆ ಆಗಿನ ಜನ ಇವನ್ನು ಒಂದು, ಎರಡು ಹಾಡಿನ ಲೆಕ್ಕದಲ್ಲಿ ಕೇಳಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಎಫ್‌ಎಂ ಸ್ಟೇಷನ್ನಲ್ಲಿ ಸ್ಟ್ರೆಚ್ ಆರ್ಮ್‌ಸ್ಟ್ರಾಂಗ್ ಮತ್ತು ಬಾಬಿಟೊ ನಡೆಸುತ್ತಿದ್ದ ಕಾರ್ಯಕ್ರಮ ಬರುತ್ತಿದ್ದುದು ಮಧ್ಯರಾತ್ರಿ ದಾಟಿದ ಮೇಲೆ. ನಿದ್ದೆಗೆಟ್ಟು ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವ ಹುಡುಗರಿದ್ದರು. ಈ ಸಂಗೀತದ ಕೇಳುಗರು ಅವರು. ಆಲ್ಬಮ್ಮಿನ ಒಂದು ಹಾಡಿನ ಹೆಸರಲ್ಲೇ ಆ ಸ್ಟೇಷನ್ನಿನ ನಂಬರ್ ಇದೆ ನೋಡಿ, 89.9.

ಇನ್ನು ಗದ್ದಲದ ವಿಷಯ. ಗುಂಪಿನಲ್ಲಿದ್ದವರು ಮೂವರು: ಎಲ್-ಪಿ, ಬಿಗ್ ಜಸ್, ಡಿಜೆ ಮಿಸ್ಟರ್ ಲೆನ್. ಎಲ್-ಪಿಯ ಹುಟ್ಟುಹಬ್ಬದ ಪಾರ್ಟಿಗೆ ಹಾಡು ಹಾಕೋಕೆ ಬಂದವನೇ ಲೆನ್, ಅಲ್ಲಿಂದ ಜೊತೆಯಾದದ್ದು. ಬೀಟ್‌ಗಳಲ್ಲಿ ಹೆಚ್ಚಿನವು ಎಲ್-ಪಿ ಮಾಡಿದ್ದು, ಎನ್ಸೋನಿಕ್ ಇಪಿಎಸ್ 16 ಪ್ಲಸ್ ಅನ್ನೋ, ಶಬ್ದದ ತುಣುಕು ಹಿಡಿದು ಮತ್ತೆ ನುಡಿಸುವ ಸ್ಯಾಂಪ್ಲರ್‌ನಲ್ಲಿ. ಅದರಲ್ಲಿ ಮೆಮೊರಿ ತೀರಾ ಕಡಿಮೆ. ಹಳೆ ರೆಕಾರ್ಡಿನ ತುಣುಕುಗಳನ್ನು ಅದರೊಳಗೆ ತುರುಕಬೇಕಾದರೆ ಗುಣಮಟ್ಟ ಇಳಿಸಲೇಬೇಕು. ಇಳಿಸಿದಾಗ ಶಬ್ದ ಒರಟಾಗುತ್ತೆ, ತಳದಲ್ಲಿ ಒಂಥರಾ ಮರಳು ಕರಕರ ಅಂದ ಹಾಗೆ ಕೇಳಿಸುತ್ತೆ. ದೊಡ್ಡ ಸ್ಟುಡಿಯೋದವರು ಅದನ್ನು ತೊಳೆದು ಹೊಳಪು ಕೊಡುತ್ತಿದ್ದರು. ಇವರು ಹಾಗೇ ಬಿಟ್ಟರು. ಅದೇ ವರ್ಷ ರೇಡಿಯೋದಲ್ಲಿ ಪಫ್ ಡ್ಯಾಡಿ ಅನ್ನೋ ರ್‍ಯಾಪರ್‌ನ ಅಬ್ಬರ. ದ ಪೊಲೀಸ್ ಅನ್ನೋ ರಾಕ್ ತಂಡದ ಹಳೆ ಹಿಟ್ ಹಾಡಿನ ಮೇಲೆಯೇ ಕಟ್ಟಿದ ಅವನ ಹಾಡು ಎಲ್ಲ ಕಡೆ ಕೇಳಿಸುತ್ತಿತ್ತು. ಅದನ್ನು ಒಂದು ಸಲ ಹಾಕಿ, ಹಿಂದೆಯೇ ಇವರ 'ದ ಫೈರ್ ಇನ್ ವಿಚ್ ಯು ಬರ್ನ್' ಹಾಕಿ. ಇವರು ಯಾವುದರ ಮೇಲೆ ಮುನಿಸಿಕೊಂಡಿದ್ದರು ಅಂತ ನಾನು ಹೇಳೋದೇ ಬೇಡ.

ಮಾತಿನ ವೇಗವೂ ನಿಮಗೆ ಕಷ್ಟವಾಗಿರಬೇಕು. ಎಲ್-ಪಿ ಸಾಲಿಗೆ ಹಿಡಿಸದಷ್ಟು ಪದ ತುಂಬುತ್ತಾನೆ, ತಾಳ ಮುಗಿದರೂ ಅವನ ಮಾತು ಮುಗಿಯಲ್ಲ. ಸಾಹಿತ್ಯ ಮುಂದಿಟ್ಟುಕೊಂಡು ಕೇಳಿ, ನಾಚಿಕೆ ಏನಿಲ್ಲ. ಅಲ್ಲಿನವರೂ ಹಾಗೇ ಮಾಡುತ್ತಾರೆ. ಆದರೆ ಸಾಹಿತ್ಯ ಓದಿದ ಮೇಲೆ ನಿಮಗೆ ಇನ್ನೊಂದು ಗೊತ್ತಾಗುತ್ತೆ: ಅರ್ಧಕ್ಕರ್ಧ ಹಾಡುಗಳಲ್ಲಿ ಇರೋದು 'ನಾನು ಉಳಿದವರಿಗಿಂತ ಮೇಲು' ಅನ್ನೋ ಜಂಬವೇ. ಜಂಬದ ಪದಗಳು ಜೋರಾಗಿವೆ, ಸರಿ, ಆದರೆ ಸಾಲಾಗಿ ಕೇಳಿದರೆ ಬೇಜಾರಾಗುತ್ತೆ. ಹೊಗಳುವವರು ಈ ಮಾತು ಎತ್ತೋದೇ ಇಲ್ಲ.

ನನ್ನ ಮಟ್ಟಿಗೆ ಈ ಆಲ್ಬಮ್ ನಿಂತಿರೋದು 'ಲಾಸ್ಟ್ ಗುಡ್ ಸ್ಲೀಪ್' ಮೇಲೆ. ಮಲತಂದೆ ಅಮ್ಮನನ್ನು ಹೊಡೆಯುತ್ತಿದ್ದ ತನ್ನ ಮನೆಯ ಕಥೆಯನ್ನು ಎಲ್-ಪಿ ಇದರಲ್ಲಿ ಹೇಳಿದ್ದಾನೆ. ಕೆಳಗೆ ಕುಡಿದ ಗಂಡಸು, ಮೇಲೆ ಕಿವಿ ಮುಚ್ಚಿಕೊಂಡು ಅಳುವ ಹುಡುಗ. ಏನೂ ಮಾಡಲಿಲ್ಲವಲ್ಲ ಅನ್ನೋ ಸಂಕಟ ಅವನನ್ನು ದೊಡ್ಡವನಾದ ಮೇಲೂ ಬಿಟ್ಟಿಲ್ಲ. ಉಳಿದ ಹಾಡುಗಳಲ್ಲಿ ಎಗರಾಡುವ ದನಿಯೇ ಇಲ್ಲಿ ತಡವರಿಸುತ್ತೆ. ಜಂಬದ ರ್‍ಯಾಪ್ ಮಾಡೋ ಹುಡುಗ ಆ ಕಾಲದಲ್ಲಿ ಹೀಗೆ ಬಾಯಿಬಿಟ್ಟು ಹೇಳಿಕೊಳ್ಳೋದು ಅಪರೂಪ. ಒರಟು ಶಬ್ದ ಯಾಕೆ ಬೇಕಿತ್ತು ಅನ್ನೋ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದೂ ಈ ಹಾಡಿನಲ್ಲೇ. ಇದನ್ನು ನಯವಾದ ಪಿಯಾನೋ ಮೇಲೆ ಹಾಡಿದ್ದರೆ ಅಳುಬುರುಕ ಹಾಡಾಗುತ್ತಿತ್ತು, ಅಲ್ವಾ?

ಹೊಗಳಿಕೆಯ ಉಳಿದ ಭಾಗ ದುಡ್ಡಿನ ವ್ಯವಹಾರಕ್ಕೆ ಸೇರಿದ್ದು. ಮೊದಲು ತಾವೇ ತಟ್ಟೆ ಒತ್ತಿಸಿ ಮಾರಿದರು. ಆಮೇಲೆ ರಾಕಸ್ ಅನ್ನೋ ಹೊಸ ಲೇಬಲ್ (ಆಲ್ಬಮ್ ಹೊರತರುವ ಕಂಪನಿ) ಜೊತೆ ಒಪ್ಪಂದ ಮಾಡಿಕೊಂಡರು, ಆದರೆ ಮಾಸ್ಟರ್ ರೆಕಾರ್ಡಿಂಗ್, ಅಂದರೆ ಮೂಲ ಧ್ವನಿಮುದ್ರಣದ ಹಕ್ಕು ಬಿಟ್ಟುಕೊಡಲಿಲ್ಲ. ಲಾಭದಲ್ಲಿ ಅರ್ಧ ಪಾಲು ಬೇರೆ. ಮೊದಲ ಆಲ್ಬಮ್ ಮಾಡೋ ಹುಡುಗರಿಗೆ ದೊಡ್ಡ ಕಂಪನಿಗಳು ಇಂಥ ಷರತ್ತು ಕೊಡುವುದು ಕನಸಿನ ಮಾತು. ತಮಾಷೆ ಅಂದ್ರೆ, ಆ ರಾಕಸ್‌ಗೆ ದುಡ್ಡು ಹಾಕಿದ್ದವನು ಮಾಧ್ಯಮ ದೊರೆ ರುಪರ್ಟ್ ಮುರ್ಡಾಕ್ ಮಗ ಜೇಮ್ಸ್ ಮುರ್ಡಾಕ್. ನಾವು ಯಾರ ಹಂಗಿನಲ್ಲೂ ಇಲ್ಲ ಅಂತ ಬೈಗುಳ ಸೇರಿಸಿ ಘೋಷಣೆ ಕೂಗಿದ ಗುಂಪಿನ ಬೆನ್ನಿಗೆ ಇದ್ದದ್ದು ಅಂಥ ದುಡ್ಡು! ಆದರೂ ಒಪ್ಪಂದ ಗಟ್ಟಿಯಾಗಿತ್ತು. ಮುಂದೆ ಎಲ್-ಪಿ ಡೆಫಿನಿಟಿವ್ ಜಕ್ಸ್ ಅಂತ ತನ್ನದೇ ಲೇಬಲ್ ಕಟ್ಟಿದ, 2009ರಲ್ಲಿ ಇದೇ ಆಲ್ಬಮ್ಮನ್ನು ಅಲ್ಲಿಂದ ಮತ್ತೆ ಹೊರತಂದ.

ಈಗ ನೀವು ಮಾಡಬೇಕಾದ್ದು: 'ಏಟ್ ಸ್ಟೆಪ್ಸ್' ಒಂದು ದಿನ, 'ಲಾಸ್ಟ್ ಗುಡ್ ಸ್ಲೀಪ್' ಇನ್ನೊಂದು ದಿನ. ಗೋಡೆಗಳ ಮೇಲೆ ಬಣ್ಣದಲ್ಲಿ ಹೆಸರು ಬರೆಯೋ ಹುಡುಗರ ಲೋಕದ ಬಗ್ಗೆ ಕುತೂಹಲ ಇದ್ದರೆ 'ಲೂನ್ ಟಿಎನ್‌ಎಸ್' ಕೇಳಿ, ಜಸ್ ಅಲ್ಲಿ ಮಿಂಚುತ್ತಾನೆ. ಇಯರ್‌ಫೋನ್ ಬೇಡ, ಸ್ಪೀಕರಿನಲ್ಲಿ ಹಾಕಿ, ಡ್ರಮ್ಮು ಕೋಣೆ ತುಂಬಲಿ. ಇಷ್ಟಾದರೂ ಹಿಡಿಸದಿದ್ದರೆ ಕ್ಯಾನಿಬಲ್ ಆಕ್ಸ್ ಗುಂಪಿನ ಮೊದಲ ಆಲ್ಬಮ್ 'ದ ಕೋಲ್ಡ್ ವೇನ್' ಇದೆ, 2001ರದ್ದು. ಬೀಟ್ ಎಲ್-ಪಿಯದ್ದೇ, ಆದರೆ ಅಷ್ಟರಲ್ಲಿ ಅವನ ಕೈ ಪಳಗಿತ್ತು. ಅದೂ ಬೇಡ ಅನ್ನಿಸಿದರೆ ಆರಾಮಾಗಿ ರನ್ ದ ಜ್ಯೂವೆಲ್ಸ್ ಕೇಳಿಕೊಂಡಿರಿ, ಗಂಟೇನೂ ಹೋಗಲ್ಲ.